ಫ್ರಿಜ್ ಡಾಕ್ಟರ್ ಮಾಡಿದ ಚಾಕೊಲೇಟ್ ಐಸ್‌ಕ್ರೀಮ್

ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿ ಮಾಡಿಕೊಂಡು ಬಂದವನಿಗೆ ಒಂದು ಚಟ ಅಂಟಿಕೊಂಡಿತ್ತು. ಹೋದ ಮನೆಯಲ್ಲೆಲ್ಲ ಉಪದೇಶ ಮಾಡುವುದು. ಫ್ರಿಜ್ಜನ್ನು ಗೋಡೆಗೆ ಒತ್ತಿ ಇಡಬೇಡಿ, ಬಿಸಿ ಪಾತ್ರೆಯನ್ನು ಒಳಗೆ ತಳ್ಳಬೇಡಿ, ಎಲ್ಲಕ್ಕಿಂತ ಮುಖ್ಯವಾಗಿ (ಇಲ್ಲಿಗೆ ಬರುವಾಗ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು) ಫ್ರೀಜರಿನ ಮಂಜುಗಡ್ಡೆಯನ್ನು ಚಾಕು ಹಾಕಿ ಕೆರೆಯಬೇಡಿ. ಹೋದ ತಿಂಗಳು ಮಹಡಿ ಮೇಲಿನ ಮನೆಯ ಟೈಲರಮ್ಮ ಕತ್ತರಿಯ ತುದಿಯಿಂದ ಹಾಗೆ ಕೆರೆಯುತ್ತಾಳೆಂದು ಗೊತ್ತಾದಾಗ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹತ್ತು ನಿಮಿಷ ಬುದ್ಧಿ ಹೇಳಿದ್ದ. ಗಿರಾಕಿಗಳು ಅವನನ್ನು ‘ಫ್ರಿಜ್ ಡಾಕ್ಟರ್’ ಎನ್ನುತ್ತಿದ್ದರು. ತಮಾಷೆಗೆ ಅನ್ನುತ್ತಾರೆಂದು ಗೊತ್ತಿತ್ತು. ಆದರೂ ಬೇಡವೆಂದವನಲ್ಲ.

ಅವನ ಮಾವ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೂವತ್ತೈದು ವರ್ಷ ಮಗ್ಗಿ ಕೂಗಿ ಕೂಗಿಸಿದ ಗಂಟಲಲ್ಲಿ ಸಣ್ಣದೊಂದು ಗಂಟು ಎದ್ದು, ಆಪರೇಷನ್ ಆಗಿ, ಚೇತರಿಸಿಕೊಳ್ಳಲು ಮಗಳ ಮನೆಗೆ ಬಂದಿದ್ದರು. ಹತ್ತು ದಿನ ಒಂದಕ್ಷರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಆಸ್ಪತ್ರೆಯ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮೆತ್ತಗಿನದು, ತಣ್ಣಗಿನದು ಮಾತ್ರ ತಿನ್ನಬೇಕು. ಮಗಳು ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದು ಅಪ್ಪನ ತೊಡೆಯ ಮೇಲಿಟ್ಟಳು. ಬಳಪ ಕೈಗೆ ಬಂದದ್ದೇ ಮುದುಕರ ಬೆನ್ನು ನೆಟ್ಟಗಾಯಿತು.

ಮಾವ-ಅಳಿಯನ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಗಲು ಮಾತಾದರೂ ಬೇಕಲ್ಲ! ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವರಿಬ್ಬರ ಸಂಭಾಷಣೆ "ಆರೋಗ್ಯವಾ?" "ಆರೋಗ್ಯ" ಎಂಬ ಎರಡು ಪದಗಳ ಮೇಲೆಯೇ ನಡೆದುಕೊಂಡು ಬಂದಿತ್ತು. ಹೀಗಾಗಿ ಎರಡನೆಯ ದಿನ ಅಂಗಡಿಯ ಚಾಕೊಲೇಟ್ ಐಸ್‌ಕ್ರೀಮನ್ನು ಬಾಯಿಗಿಟ್ಟ ಮಾವ ಮುಖ ಹಿಂಡಿ, ಸ್ಲೇಟಿನ ಮೇಲೆ "ಸೋಪು" ಎಂದು ಬರೆದಾಗ, ಅಳಿಯನಿಗೆ ಯಾವ ಭೂತ ಹೊಕ್ಕಿತೋ.

"ಬಿಡಿ ಮಾವ, ಅಂಗಡೀದೇನು ಮಹಾ. ಇಪ್ಪತ್ತೆರಡು ವರ್ಷ ತಂಪಿನ ಜೊತೆ ಸಂಸಾರ ಮಾಡಿದ್ದೀನಿ. ನಾನೇ ಮಾಡಿಕೊಡ್ತೀನಿ," ಎಂದುಬಿಟ್ಟ.

ಅಂಚೆ ಕಚೇರಿಗೆ ಹೊರಟು ನಿಂತಿದ್ದ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. "ರೀ, ನಿಮಗೆ ಹಾಲು ಕಾಯಿಸೋಕೆ ಬರುತ್ತಾ?"

"ಹಾಲು ಕಾಯಿಸೋದು ಅಡುಗೆ ಕಣೇ. ಇದು ಟೆಕ್ನಿಕಲ್ ಕೆಲಸ."

ಈ ಮಾತನ್ನು ಅವನು ಇವತ್ತಿಗೂ ನೆನೆಸಿಕೊಂಡು ತನ್ನ ಕೆನ್ನೆಗೆ ತಾನೇ ಮೆಲ್ಲಗೆ ಹೊಡೆದುಕೊಳ್ಳುತ್ತಾನೆ.

ಮೊದಲ ಸಲ ಅವನು ಮಾಡಿದ್ದು ಇಷ್ಟೇ: ಹಾಲಿಗೆ ಸಕ್ಕರೆ, ಕೋಕೋ ಪುಡಿ ಸುರಿದು, ಕಲಕಿ, ಫ್ರೀಜರಿಗೆ ತಳ್ಳಿ ಕೆಲಸಕ್ಕೆ ಹೋದ. ಸಂಜೆ ಬಂದು ತೆಗೆದರೆ ಡಬ್ಬಿಯೊಳಗೆ ಕಂದು ಬಣ್ಣದ ಇಟ್ಟಿಗೆ. ಕರಗದ ಕೋಕೋ ಗಂಟುಗಳು ಅದರಲ್ಲಿ ಜಲ್ಲಿಕಲ್ಲಿನ ಹಾಗೆ ಕೂತಿದ್ದವು. ಚಮಚ ಹಾಕಿ ಒತ್ತಿದ, ಚಮಚ ಬಾಗಿತು. ಕೊನೆಗೆ ಟೂಲ್ ಬ್ಯಾಗಿನಿಂದ ಸುತ್ತಿಗೆ ತಂದು ಒಡೆದು, ಒಂದು ಚೂರನ್ನು ಬಟ್ಟಲಲ್ಲಿಟ್ಟು ಮಾವನ ಮುಂದೆ ಹಿಡಿದ. ಅವರು ಚೂರನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಮೂರು ಸಲ ದಾಟಿಸಿ, ಬಳಪ ತೆಗೆದುಕೊಂಡು ದುಂಡಗೆ ಬರೆದರು: "ನೂರಕ್ಕೆ ಹನ್ನೆರಡು."

ನಲವತ್ತೆಂಟು ವರ್ಷದ ಗಂಡಸು, ಸ್ವಂತ ಅಂಗಡಿ ಇಟ್ಟವನು, ಅಷ್ಟಕ್ಕೆ ಯಾಕೆ ಮುಖ ಸಪ್ಪಗೆ ಮಾಡಿಕೊಳ್ಳಬೇಕು? ಆದರೆ ಮಾಡಿಕೊಂಡ. ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿಯೂ ಬಿಟ್ಟ: "ಮಾವ, ಆ ಹನ್ನೆರಡು ಯಾವುದಕ್ಕೆ ಕೊಟ್ರಿ?"

ಮಾವ ಬರೆದರು: "ತಣ್ಣಗಿತ್ತು."

ಎರಡನೆಯ ಸಲ ಅವನು ಸ್ವಲ್ಪ ತಗ್ಗಿದ. ಒಬ್ಬ ಬೇಕರಿಯವನ ಫ್ರಿಜ್ ಸರಿ ಮಾಡಲು ಹೋದಾಗ ಕೈಕಟ್ಟಿ ನಿಂತು ವಿಧಾನ ಕೇಳಿಕೊಂಡು ಬಂದ. ಮೊಟ್ಟೆಯ ಹಳದಿ ಬೇಕು, ಕೆನೆ ಬೇಕು, ಕೋಕೋವನ್ನು ಮೊದಲು ಬಿಸಿ ಹಾಲಿನಲ್ಲಿ ಗಂಟಿಲ್ಲದ ಹಾಗೆ ಕಲಸಿಕೊಳ್ಳಬೇಕು. ಬಿಸಿ ಹಾಲನ್ನು ಹಳದಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತ ಕೈಬಿಡದೆ ತಿರುಗಿಸಬೇಕು ಎಂದೂ ಬೇಕರಿಯವನು ಹೇಳಿದ್ದ. ಇವನಿಗೆ ‘ಹಾಕಬೇಕು’ ಎಂಬುದು ನೆನಪಿತ್ತು, ‘ಸ್ವಲ್ಪ ಸ್ವಲ್ಪವೇ’ ಮರೆತಿತ್ತು. ಐದು ಹಳದಿಯನ್ನೂ ಕುದಿಯುವ ಹಾಲಿಗೆ ಒಟ್ಟಿಗೇ ಸುರಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಚಾಕೊಲೇಟ್ ಬಣ್ಣದ ಮೊಟ್ಟೆ ಪಲ್ಯ ಸಿದ್ಧ.

ಮಾವ ಅದನ್ನೂ ತಿಂದರು. ಮೆತ್ತಗಿತ್ತು, ಹಸಿವೂ ಇತ್ತು. ಸ್ಲೇಟಿನ ಮೇಲೆ "ಇಪ್ಪತ್ತೊಂಬತ್ತು. ಪ್ರಗತಿ ಇದೆ. ವಿಷಯ ಬೇರೆ," ಎಂದು ಬರೆದು, ಅಡಿಗೆ ಗೆರೆ ಎಳೆದರು.

ಆಮೇಲೆ ಮಾವ ತಾವಾಗಿ ಅಡುಗೆಮನೆಗೆ ಕುರ್ಚಿ ಎಳೆದುಕೊಂಡು ಬಂದು ಕೂರತೊಡಗಿದರು. "ಎಷ್ಟು ಹಾಲಿಗೆ ಎಷ್ಟು ಸಕ್ಕರೆ?" ಎಂದು ಬರೆದು ಕೇಳುವರು. ಇವನು "ಅಂದಾಜಿಗೆ" ಎಂದರೆ ಹುಬ್ಬು ಗಂಟಿಕ್ಕಿ "ಅಂದಾಜು ಎಂಬುದು ಉತ್ತರವಲ್ಲ" ಎಂದು ಬರೆಯುವರು. ಇವನು ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ಸ್ಲೇಟು ನೋಡುವ ಅಭ್ಯಾಸ ಮಾಡಿಕೊಂಡ. ಇಪ್ಪತ್ತು ವರ್ಷದಲ್ಲಿ ಆಡದಷ್ಟು ಮಾತು ಆರು ದಿನದಲ್ಲಿ ಆಗಿಹೋಗಿತ್ತು. ಅದರಲ್ಲಿ ಒಬ್ಬರು ಬಾಯೇ ತೆರೆದಿರಲಿಲ್ಲ.

ಎಂಟನೆಯ ದಿನ ಭಾನುವಾರ. ಮಧ್ಯಾಹ್ನಕ್ಕೆ ಹಾಲು-ಹಳದಿಯ ಮಿಶ್ರಣ ಈ ಸಲ ಒಡೆಯದೆ, ಗಂಟಾಗದೆ, ರೇಷ್ಮೆಯ ಹಾಗೆ ಬಂದಿತ್ತು. ಅದಕ್ಕೆ ಕಪ್ಪು ಚಾಕೊಲೇಟ್ ಮುರಿದು ಕರಗಿಸಿ, ಕೆನೆ ಬೆರೆಸಿ, ಸೋಸಿ, ನೀರಿನಲ್ಲಿಟ್ಟು ಆರಿಸಿಯೂ ಆಗಿತ್ತು. ಇನ್ನು ಫ್ರೀಜರಿಗಿಟ್ಟು ಆಗಾಗ ಕಲಕುವುದೊಂದೇ ಬಾಕಿ. ಆದರೆ ವಾರದಿಂದ ಗಳಿಗೆಗೊಮ್ಮೆ ಬಾಗಿಲು ತೆಗೆದು ಹಾಕಿ ಮಾಡಿದ್ದರಿಂದ ಫ್ರೀಜರಿನ ತುಂಬ ಮಂಜು ಕಟ್ಟಿ ಡಬ್ಬಿ ಒಳಗೆ ಹೋಗಲೊಲ್ಲದು. ಫ್ರಿಜ್ ಆರಿಸಿ ಒಂದು ಗಂಟೆ ಕಾದಿದ್ದರೆ ತಾನಾಗಿ ಕರಗುತ್ತಿತ್ತು. ಇದನ್ನು ಎಷ್ಟು ಮನೆಗಳಲ್ಲಿ ಹೇಳಿದ್ದನೋ ಲೆಕ್ಕವಿಲ್ಲ. ಆದರೆ ಇವತ್ತು ಐವತ್ತು ಅಂಕದ ಆಸೆ ಎದೆಯಲ್ಲಿ ಕುಣಿಯುತ್ತಿತ್ತು. ಟೂಲ್ ಬ್ಯಾಗಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ಗಿರಾಕಿಗಳಿಗೆ ಕೈ ನಾಜೂಕಿರುವುದಿಲ್ಲ, ನನ್ನದು ಪಳಗಿದ ಕೈ ಎಂದು ತನಗೆ ತಾನೇ ಹೇಳಿಕೊಂಡು ಒಂದೇಟು ಹಾಕಿದ.

"ಉಸ್ಸ್ಸ್" ಎಂದಿತು.

ಆ ಸದ್ದು ಏನೆಂದು ಅವನಿಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫ್ರೀಜರಿನ ಗೋಡೆಗೆ ತೂತು ಬಿದ್ದು ತಂಪು ಮಾಡುವ ಗ್ಯಾಸ್ ಹೋಗುತ್ತಿತ್ತು. ಪ್ಲಗ್ ಕಿತ್ತು, ಕಿಟಕಿಗಳನ್ನೆಲ್ಲ ತೆರೆದು, ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತ. ಕುರ್ಚಿಯಲ್ಲಿದ್ದ ಮಾವ ಕಾಲೆರಡನ್ನೂ ಮೇಲೆತ್ತಿಕೊಂಡು ಸ್ಲೇಟು ತೋರಿಸಿದರು: "ಹಾವಾ?"

"ಅಲ್ಲ ಮಾವ. ಹಾವಾಗಿದ್ರೆ ಮರ್ಯಾದೆ ಉಳೀತಿತ್ತು."

ಹೆಂಡತಿ ಒಳಗಿನಿಂದ ಬಂದು ತೆರೆದ ಕಿಟಕಿ ನೋಡಿದಳು, ಫ್ರಿಜ್ ನೋಡಿದಳು, ಗಂಡನ ಬೆನ್ನ ಹಿಂದಿನ ಕೈ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಹಿಂದಕ್ಕೆ ತಿರುಗಿದಾಗ ಭುಜ ಕುಲುಕುತ್ತಿದ್ದುದು ಕಂಡಿತು.

ಡಬ್ಬಿ ತುಂಬ ಮಿಶ್ರಣವಿದೆ, ಮನೆಯಲ್ಲಿ ತಂಪಿಲ್ಲ. ಆಗ ಮಾವ ಸ್ಲೇಟನ್ನು ಅಂಗೈಯಿಂದ ಒರೆಸಿ ನಿಧಾನವಾಗಿ ಬರೆದರು: "ಐಸು ಮೂರು ಪಾಲು. ಉಪ್ಪು ಒಂದು ಪಾಲು. ಬಕೆಟ್." ಐಸಿಗೆ ಉಪ್ಪು ಬೆರೆಸಿದರೆ ಅದು ಬರಿಯ ಐಸಿಗಿಂತ ಹೆಚ್ಚು ತಣ್ಣಗಾಗುತ್ತದೆ ಎಂಬುದನ್ನು ಅಳಿಯನೂ ಬಲ್ಲ. ಆದರೆ ಅದು ಅವನಿಗೆ ಹೊಳೆದಿರಲಿಲ್ಲ.

ಐಸಿಗೆ ಮಾತ್ರ ಮೇಲ್ಮನೆಗೇ ಹೋಗಬೇಕಾಯಿತು. ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡು ಬಾಗಿಲು ತೆಗೆದಳು.

"ಏನ್ ಡಾಕ್ಟ್ರೇ, ನಿಮ್ಮನೇಲಿ ಐಸ್ ಇಲ್ವಾ?"

ಸುಳ್ಳು ಹೇಳಬಹುದಿತ್ತು. ಕರೆಂಟ್ ಸಮಸ್ಯೆ ಎನ್ನಬಹುದಿತ್ತು. ಆದರೆ ಅವಳ ಮನೆಯ ಫ್ಯಾನು ಅವಳ ಹಿಂದೆಯೇ ತಿರುಗುತ್ತಿತ್ತು. "ಫ್ರೀಜರಿಗೆ ತೂತು ಬಿತ್ತಮ್ಮ," ಎಂದ.

"ಅಯ್ಯೋ, ಹೇಗೆ?"

"ಸ್ಕ್ರೂಡ್ರೈವರ್ ಹಾಕಿ ಕೆರೆದೆ."

"ಯಾರು?"

"ನಾನೇ."

ಟೈಲರಮ್ಮ ಒಳಗೆ ಹೋಗಿ ಐಸಿನ ತಟ್ಟೆಗಳನ್ನೆಲ್ಲ ಒಂದು ಪಾತ್ರೆಗೆ ಸುರಿದು ತಂದಳು. "ತಗೊಳ್ಳಿ. ನಂದು ಇನ್ನೂ ತೂತಾಗಿಲ್ಲ, ದೇವರು ದೊಡ್ಡೋನು. ಬುದ್ಧಿ ಹೇಳೋರು ಸಿಕ್ಕಿದ್ರಲ್ಲ ನಂಗೆ." ಇಂಗು ತಿಂದ ಮಂಗನ ಹಾಗೆ ಅವನು ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲು ತಲುಪುವವರೆಗೂ ಅವಳ ನಗು ಹಿಂದೆಯೇ ಇಳಿದು ಬಂತು.

ಬಕೆಟ್ಟಿನಲ್ಲಿ ಐಸು-ಉಪ್ಪು ಹಾಸಿ, ನಡುವೆ ಸ್ಟೀಲ್ ಡಬ್ಬಿ ಇಳಿಸಿದರು. ಹೆಂಡತಿ ಡಬ್ಬಿಯನ್ನು ಹಿಡಿದು ತಿರುಗಿಸುವುದು, ಇವನು ಮರದ ಸೌಟಿನಿಂದ ಗೋಡೆಗೆ ಅಂಟಿದ್ದನ್ನು ಕೆರೆದು ನಡುವಿಗೆ ತರುವುದು, ಮಾವ ಗಡಿಯಾರ ನೋಡುವುದು. ಹತ್ತು ನಿಮಿಷಕ್ಕೆ ಏನೂ ಆಗಲಿಲ್ಲ. ಇಪ್ಪತ್ತಕ್ಕೆ ಅಂಚು ದಪ್ಪಗಾಯಿತು. ಮೂವತ್ತೈದಕ್ಕೆ ಸೌಟು ಭಾರವಾಗಿ ನಿಂತಲ್ಲೇ ನಿಂತಿತು. ಅದರ ತುದಿಯಲ್ಲಿ ನುಣ್ಣಗಿನ ಕಡುಗಂದು ಗುಡ್ಡೆ, ಜಾರದೆ, ನಡುಗದೆ ಕೂತಿತ್ತು.

ಇವನಿಗೆ ತಡೆಯಲಾಗಲಿಲ್ಲ. "ನೋಡಿದ್ರಾ? ಕೈಗುಣ ಅಂದ್ರೆ ಇದು. ಫ್ರಿಜ್ ಯಾಕ್ರೀ ಬೇಕು, ನನ್ನಂಥೋನು ಒಬ್ಬ ಇದ್ರೆ..." ಎನ್ನುತ್ತ, ಸೌಟನ್ನು ಎತ್ತಿ ತೋರಿಸಲು ಒಂದು ಕೈಯಲ್ಲಿ ಬಕೆಟ್ಟನ್ನೇ ತನ್ನತ್ತ ವಾಲಿಸಿಕೊಂಡ. ಕರಗಿದ ಉಪ್ಪುನೀರು ಡಬ್ಬಿಯ ಕಂಠದವರೆಗೆ ಏರಿತ್ತು. ಒಂದು ಬೆರಳಿನಷ್ಟು ವಾಲಿದರೆ ಒಳಗೇ.

"ಏಯ್! ಉಪ್ಪುನೀರು!"

ಮಾವನ ಧ್ವನಿ. ಕೊನೆಯ ಬೆಂಚಿನವರೆಗೂ ತಲುಪುತ್ತಿದ್ದ ಧ್ವನಿ, ಸ್ವಲ್ಪ ಗೊಗ್ಗರು. ಇವನು ಬೆಚ್ಚಿಬಿದ್ದು ಬಕೆಟ್ಟನ್ನು ನೇರ ಮಾಡಿದ. ಐಸ್‌ಕ್ರೀಮ್ ಉಳಿಯಿತು. ಮಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಇಷ್ಟು ವರ್ಷದಲ್ಲಿ ಅಳಿಯ ಅದನ್ನು ಅಲ್ಲಿ ಕಂಡದ್ದು ಅದೇ ಮೊದಲು.

"ಅಪ್ಪಾ! ಎಂಟು ದಿನ ಸುಮ್ಮನಿದ್ದೋನು, ಇನ್ನೆರಡು ದಿನ ಇರಕ್ಕಾಗಲಿಲ್ವಾ?" ಹೆಂಡತಿ ಡಬ್ಬಿ ಬಿಟ್ಟು ಅಪ್ಪನ ಹತ್ತಿರ ಹೋದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಎಲ್ಲಾ ನಿಮ್ಮಿಂದ. ಒಂದು ನಿಮಿಷ ಜಂಬ ಕೊಚ್ಚದೆ ಇರಕ್ಕಾಗಲ್ವಲ್ಲ ನಿಮಗೆ!"

ಅವನು ಆಸ್ಪತ್ರೆಗೆ ಫೋನ್ ಮಾಡಿದ. ರಕ್ತ ಬಂದರೆ, ಉಸಿರು ಕಟ್ಟಿದರೆ ಈಗಲೇ ಬನ್ನಿ, ಇಲ್ಲದಿದ್ದರೆ ಬೆಳಿಗ್ಗೆ ಬನ್ನಿ ಎಂದರು. ರಕ್ತ ಬಂದಿರಲಿಲ್ಲ. ಕರಗುವ ಮೊದಲು ತಿನ್ನೋಣವೆಂದು ಮಾವನೇ ಸನ್ನೆ ಮಾಡಿದರು. ಮೂವರೂ ಬಕೆಟ್ಟಿನ ಸುತ್ತ ಕೂತು ತಿಂದರು. ಮೇಲ್ಮನೆಗೆ ಒಂದು ಬಟ್ಟಲು ಕಳಿಸಿದರು. ಅದು ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು. ಆದರೆ ಅವತ್ತು ಅಂಕ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮಾವನೂ ಸ್ಲೇಟು ಮುಟ್ಟಲಿಲ್ಲ.

ಬೆಳಿಗ್ಗೆ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡುತ್ತಿದ್ದಷ್ಟು ಹೊತ್ತೂ ಅಳಿಯ ಗೋಡೆಗೊರಗಿ, ಇನ್ನು ಮೇಲೆ ಯಾರ ಮನೆಯಲ್ಲೂ ಬೆರಳೆತ್ತುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಹಾಕುತ್ತಿದ್ದ. ಆಣೆ ನಾಲ್ಕು ದಿನ ನಿಂತಿತು.

"ಗಾಯ ಮಾಗಿದೆ. ಅದೃಷ್ಟ," ಎಂದರು ಡಾಕ್ಟರು. "ಇವತ್ತಿಂದ ಮೆಲ್ಲಗೆ ನಾಲ್ಕು ಮಾತು ಆಡಬಹುದು. ಆದ್ರೆ ಕೂಗಿದ್ದು ಯಾಕೆ? ಮನೆಗೆ ಬೆಂಕಿ ಬಿತ್ತಾ?"

ಮಾವ ಅಳಿಯನತ್ತ ನೋಡಿದರು. ಹೆಂಡತಿ ಕಿಟಕಿಯ ಹೊರಗೆ ನೋಡಿದಳು. ಇವನೇ ಹೇಳಬೇಕಾಯಿತು. ಇಟ್ಟಿಗೆಯಿಂದ ಶುರು ಮಾಡಿ, ಮೊಟ್ಟೆ ಪಲ್ಯ, ಸ್ಕ್ರೂಡ್ರೈವರ್, ಬಕೆಟ್ ಎಲ್ಲವನ್ನೂ ಒಂದೊಂದಾಗಿ ಒಪ್ಪಿಸಿದ. ಡಾಕ್ಟರು ಗಂಭೀರವಾಗಿ ಕೇಳಿಕೊಂಡು, "ನೀವು ಏನ್ ಕೆಲಸ ಮಾಡ್ತೀರಿ?" ಎಂದರು.

"ಫ್ರಿಜ್ ರಿಪೇರಿ," ಎಂದ, ಕಳ್ಳತನ ಒಪ್ಪಿಕೊಂಡ ಹಾಗೆ.

ಅದನ್ನು ಕೇಳಿ ಮೊದಲು ನಕ್ಕವರು ಮಾವ. ಸದ್ದಿಲ್ಲದ ನಗು. ಹೊಟ್ಟೆ ಹಿಡಿದುಕೊಂಡು ಕುಲುಕಿದರು, ಕಣ್ಣಲ್ಲಿ ನೀರು ಬಂತು. "ನಗಬೇಡಿ, ನಗಬೇಡಿ," ಎಂದು ಡಾಕ್ಟರು ಹೇಳಿದರೂ ನಿಲ್ಲಲಿಲ್ಲ.

ಮಾವ ಹತ್ತು ದಿನಕ್ಕೆಂದು ಬಂದವರು ಮೂರು ವಾರ ಉಳಿದರು. ಬಾಯಿ ಬಂದ ಮೇಲೆ ಮತ್ತೆ "ಆರೋಗ್ಯವಾ" ಎಂಬಲ್ಲಿಗೇ ಮರಳಿಬಿಡುತ್ತೇವೇನೋ ಎಂಬ ಅಳುಕು ಅಳಿಯನಿಗಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಮುಂದಿನ ಭಾನುವಾರ ಹೆಂಡತಿ ಬಟ್ಟೆ ಒಣಗಹಾಕಿ ಒಳಗೆ ಬಂದಾಗ ಇಬ್ಬರೂ ಒಲೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

"ಅಳಿಯಂದ್ರೇ, ಸಕ್ಕರೆ ಸಾಕು."

"ಇನ್ನೊಂದು ಚಮಚ ಮಾವ, ಚಾಕೊಲೇಟ್ ಕಹಿ ಇದೆ."

"ಕಹಿ ಇರ್ಲಿ ಬಿಡ್ರೀ. ಕಹಿ ಇದ್ರೇನೇ ಚಾಕೊಲೇಟು."

"ನೀವು ತಿನ್ನೋದಾದ್ರೆ ಸರಿ. ನನ್ನ ಹೆಂಡ್ತಿಗೆ ಬೇಡ್ವಾ?"

"ಅವಳು ನನ್ನ ಮಗಳು. ಅವಳ ನಾಲಗೆ ನಂಗೊತ್ತು."

ಇಬ್ಬರಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಅವಳು ಸಕ್ಕರೆ ಡಬ್ಬಿಯನ್ನು ಅವರ ಕೈಗೆಟುಕದ ಮೇಲಿನ ಗೂಡಿನಲ್ಲಿಟ್ಟು, ಬಕೆಟ್ ತೊಳೆಯಲು ಹೋದಳು.