ಎಡಕ್ಕೆ ಎಳೆಯುವ ದೋಣಿ

ಎಲ್ಲರೂ ಅವನನ್ನು ಕಿಡಿಯಣ್ಣ ಅನ್ನುತ್ತಿದ್ದರು. ವೆಲ್ಡಿಂಗ್‌ಗೆ ಕೂತರೂ ಕಿಡಿ, ಕೋಪ ಬಂದರೂ ಕಿಡಿ. ಅಂಗಡಿಯ ಹೊಗೆ ಕುಡಿದೂ ಕುಡಿದೂ ಎದೆ ಕೆಟ್ಟಮೇಲೆ, ಜನರನ್ನು ಹೊಳೆಯ ಆಚೆ ದಡಕ್ಕೆ ದಾಟಿಸಿ ಹೊಟ್ಟೆ ಹೊರೆಯೋಣ ಅಂತ ಹಳೇ ಕಬ್ಬಿಣದ ಮೋಟಾರು ದೋಣಿಯೊಂದನ್ನು ಕೊಂಡ. ಇದೂ ಕೈಕೊಟ್ಟರೆ ಮುಂದೆ ದಾರಿಯಿಲ್ಲ. ಅದು ಅವನಿಗೂ ಗೊತ್ತಿತ್ತು, ಅವನಿಗಿಂತ ಚೆನ್ನಾಗಿ ಹೆಂಡತಿಗೆ ಗೊತ್ತಿತ್ತು.

ದೋಣಿಯನ್ನು ದಡದಲ್ಲಿ ಮಗುಚಿ ಹಾಕಿ ಗಂಡ ಹೆಂಡತಿ ಇಬ್ಬರೂ ತುಕ್ಕು ಉಜ್ಜಿದರು, ತೂತುಗಳಿಗೆ ತೇಪೆ ಹಾಕಿದರು. ತಳದ ಎಡಬದಿಯಲ್ಲಿ ಅಂಗೈ ಅಗಲದ ತಗಡೊಂದು ಅಡ್ಡವಾಗಿ ನಿಂತಿತ್ತು. ಯಾಕಿದೆ ಅಂತ ಅವನು ಯೋಚಿಸಲೇ ಇಲ್ಲ. ಅದರ ಬೆಸುಗೆ ನೋಡಿ ಮರುಳಾಗಿಬಿಟ್ಟ.

"ಎಂಥಾ ಕೈ ನೋಡೇ ಇದು. ಹೆಣೆದ ಜಡೆ ಇದ್ದ ಹಾಗಿದೆ."

ಒಳ್ಳೆ ಬೆಸುಗೆ ಒಡೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒರೆಸಿ, ಬಣ್ಣ ಹಚ್ಚಿ, ಹಾಗೇ ಬಿಟ್ಟ.

ನೀರಿಗಿಳಿಸಿದರೆ ದೋಣಿ ಎಡಕ್ಕೆ ಎಳೆಯಿತು. ಸ್ಟೀರಿಂಗ್ ಬಿಚ್ಚಿ ಕಟ್ಟಿದ, ಎಂಜಿನ್ ಸರಿಸಿ ಕೂರಿಸಿದ, ನೀರು ತಳ್ಳುವ ಫ್ಯಾನು ಬದಲಾಯಿಸಿದ. ಊಹೂಂ. ಕೈ ಬಿಟ್ಟರೆ ಸಾಕು, ನಿಧಾನವಾಗಿ ಸುತ್ತು ಹೊಡೆಯತೊಡಗುತ್ತಿತ್ತು. ಇಂಥದ್ದಕ್ಕೆ ಯಾರು ಹತ್ತುತ್ತಾರೆ?

"ನೀರಲ್ಲಿ ಏನ್ರೀ ನೋಡ್ತಾ ಇದ್ರಿ?" ದಡಕ್ಕೆ ಬಂದವನನ್ನು ಹೆಂಡತಿ ಕೇಳಿದಳು.

"ನಾನೆಲ್ಲಿ ನೋಡಿದೆ?"

"ತಲೆ ಹೊರಗೆ ಹಾಕ್ಕೊಂಡು ಕೂತಿದ್ರಲ್ಲ. ಕೂಗಿ ಕೂಗಿ ನನ್ನ ಗಂಟಲು ಹೋಯ್ತು."

ಅವನಿಗೆ ಕೇಳಿಸಿರಲೇ ಇಲ್ಲ. ಮಾರನೆಯ ದಿನ ಮೈಯೆಲ್ಲ ಎಚ್ಚರವಾಗಿ ಕೂತ. ಆದರೂ ಸುತ್ತು ಶುರುವಾದದ್ದೇ ತಡ, ಯಾರೋ ಹಿಂದಿನಿಂದ ಒತ್ತಿದ ಹಾಗೆ ಕತ್ತು ತಾನಾಗಿ ಎಡಕ್ಕೆ ಬಾಗಿತು. ಕೆಳಗೆ ಹಸಿರು ನೀರು, ಅದರೊಳಗೆ ಜೊಂಡು. ಕಣ್ಣು ಕೀಳಲಾಗದೆ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಆಗ ನೆನಪಾಯಿತು ಆ ತಗಡು. ದೋಣಿ ಮಾರಿದ ಮುದುಕನ ಮನೆಗೆ ಕಿಡಿ ಕಾರುತ್ತಲೇ ಹೋದ.

"ಯಜಮಾನ್ರೇ, ಆ ತಗಡು ಯಾಕೆ ಹಾಕಿಸಿದ್ರಿ?"

"ಹಾಕಿಸಿದ್ದಲ್ಲಪ್ಪ, ನಾನೇ ಬೆಸುಗೆ ಹಾಕಿದ್ದು. ಮಗ ಇದೇ ನೀರಲ್ಲಿ ಮುಳುಗಿದ, ಮತ್ತೆ ಸಿಗಲಿಲ್ಲ. ತಗಡು ನೀರಿಗೆ ಅಡ್ಡ ನಿಂತು ದೋಣಿ ತಾನೇ ಸುತ್ತು ಹಾಕಿದ್ರೆ ನನ್ನ ಕೈ ಎರಡೂ ಖಾಲಿ ಇರ್ತವೆ. ಸಿಕ್ಕಿದ್ರೆ ಹಿಡ್ಕೊಳ್ಳೋಕೆ ಬೇಕಲ್ಲ."

ಕಿಡಿಯಣ್ಣನ ಸಿಟ್ಟು ಜರ್ರನೆ ಇಳಿಯಿತು. "ಮತ್ತೆ ಮಾರಿದ್ಯಾಕೆ?"

"ಕಣ್ಣು ಮಂಜಾಯ್ತು. ಅದರಲ್ಲಿ ಯಾರೇ ಕೂತ್ರೂ ಕೆಳಗೆ ನೋಡೇ ನೋಡ್ತಾರೆ ಅಂದ್ಕೊಂಡೆ."

ಮನೆಗೆ ಬಂದು ಹೇಳಿದ್ದನ್ನೆಲ್ಲ ಹೆಂಡತಿ ಕೇಳಿಸಿಕೊಂಡಳು. "ತಗಡು ಕತ್ತರಿಸಲೇಬೇಕು ರೀ, ನಮ್ಮ ಹೊಟ್ಟೆಪಾಡು. ಅದಕ್ಕೆ ಮುಂಚೆ ಅವರನ್ನ ಒಂದ್ಸಲ ಕರ್ಕೊಂಡು ಹೋಗ್ಬನ್ನಿ."

ಮುದುಕ ದೋಣಿಯಲ್ಲಿ ಮಂಡಿಯೂರಿ ಎರಡೂ ಕೈಗಳನ್ನು ನೀರಿಗೆ ಇಳಿಬಿಟ್ಟ. ಕಿಡಿಯಣ್ಣ ಸ್ಟೀರಿಂಗ್ ಬಿಟ್ಟು ಅವನ ಪಕ್ಕ ಕೂತ. ದೋಣಿ ಸುತ್ತು ಹಾಕಿತು, ಹಾಕುತ್ತಲೇ ಇತ್ತು.

"ಏನಾದ್ರೂ ಕಾಣ್ತಿದೆಯಾ?" ಮುದುಕ ಕೇಳಿದ.

ಒಂದು ಸುಳ್ಳು ಹೇಳಿದರೆ ಮುದುಕನಿಗೆ ನೆಮ್ಮದಿಯಾದೀತು ಅನ್ನಿಸಿತು. ನಾಲಿಗೆ ಏಳಲಿಲ್ಲ.

"ಇಲ್ಲ ಯಜಮಾನ್ರೇ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ. ಇಲ್ಲ."

"ಇಷ್ಟು ದಿನ ನಾನೊಬ್ಬನೇ ನೋಡ್ತಿದ್ದೆ, ನನ್ನ ಕಣ್ಣ ಮೇಲೆ ನನಗೇ ನಂಬಿಕೆ ಇರಲಿಲ್ಲ," ಅಂದ ಮುದುಕ. "ಹಂಗಾದ್ರೆ ಇಲ್ಲ." ಕೈಗಳನ್ನು ಮೇಲೆತ್ತಿ ಪಂಚೆಗೆ ಒರೆಸಿಕೊಂಡು, ದಡ ಬರುವವರೆಗೂ ಮಡಿಲಲ್ಲಿಟ್ಟುಕೊಂಡ.

ಕಿಡಿಯಣ್ಣ ತಗಡು ಕತ್ತರಿಸಿದ. ಈಗ ದೋಣಿ ನೂಲು ಹಿಡಿದ ಹಾಗೆ ನೇರ ಹೋಗುತ್ತದೆ, ಜನ ಧೈರ್ಯವಾಗಿ ಹತ್ತುತ್ತಾರೆ. ಮುದುಕ ಆಮೇಲೆ ನೀರಿನ ಕಡೆ ಬಂದಿಲ್ಲ. ಹೆಂಡತಿ ದಿನಾ ಗಂಡನ ಎಡಕ್ಕೇ ಕೂತು, ಅವನಿಗೆ ನೀರು ಕಾಣದ ಹಾಗೆ ಮರೆಯಾಗಿ, ಬಾಯಿಗೆ ಬಂದದ್ದು ಮಾತಾಡುತ್ತಿರುತ್ತಾಳೆ. ಅವನು ಹೂಂ ಅನ್ನುತ್ತಾ ಅವಳ ಭುಜದಾಚೆಗೆ ಬಗ್ಗಿ ನೀರನ್ನೇ ನೋಡುತ್ತಾನೆ.