ತಿಳಿ ಮಾಡದ ಡ್ರಮ್ಮು

ವೈನ್ ಕೊಳ್ಳುವವರಿಗೆ ನಾಲಿಗೆಗಿಂತ ಕಣ್ಣೇ ಮುಂದು. ನನ್ನ ನೇರಳೆ ಹಣ್ಣಿನ ವೈನ್ ಕದಡಿದಂತೆ ಕಾಣುತ್ತದೆಂದು ಹುಬ್ಬಳ್ಳಿಯ ಅಂಗಡಿಯವನು ಎರಡು ಸಲ ವಾಪಸ್ ಕಳಿಸಿದ. ಪುಣ್ಯಾತ್ಮ ರುಚಿಯನ್ನೂ ನೋಡಿರಲಿಲ್ಲ. ಅದನ್ನು ತಿಳಿ ಮಾಡಲು ಹಳೆಯ ಉಪಾಯವೊಂದಿದೆ: ಕೋಳಿ ತತ್ತಿಯ ಬಿಳಿ ಲೋಳೆ. ಕಡೆದು ಡ್ರಮ್ಮಿಗೆ ಹಾಕಿದರೆ ಒಗರನ್ನೂ ಮಡ್ಡಿಯನ್ನೂ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಎರಡು ವಾರದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು.

ನಮ್ಮದು ಲಿಂಗ ಕಟ್ಟಿದ ಮನೆ. ಹಾನಗಲ್ಲಿನಲ್ಲಿ ತತ್ತಿ ಕೊಂಡರೆ ನನಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ. ಅದಕ್ಕೇ ಬಂಕಾಪುರದವರೆಗೆ ಹೋಗಿ ಇಜಾಜನ ಅಂಗಡಿಯಲ್ಲಿ ಒಂದು ಡಜನ್ ತಂದೆ.

"ಅಕ್ಕಾರ, ಚೀಲದಾಗ ಮ್ಯಾಲೆ ಕೊತ್ತಂಬ್ರಿ ಮುಚ್ಚಿ ಕೊಡ್ಲೇನ್ರಿ?" ಎಂದು ಅವನು ನಕ್ಕ. ನಾನೂ ನಕ್ಕೆ.

ತಿಳವಳ್ಳಿಯ ಶೆಡ್ಡಿನಲ್ಲಿ ಎರಡು ಡ್ರಮ್ಮುಗಳಿದ್ದವು. ಒಂದಕ್ಕೆ ಹಾಕಿದೆ. ಇನ್ನೊಂದಕ್ಕೆ ಹಾಕಲು ಮನಸ್ಸು ಬರಲಿಲ್ಲ, ಹಣ್ಣಿನ ವಾಸನೆಯೆಲ್ಲ ಅದರಲ್ಲೇ ಇತ್ತು. ತಿಳಿಯಾದುದರ ಒಂದು ಬಾಟಲಿಯನ್ನು ಮನೆಯ ಕಪಾಟಿನಲ್ಲಿ ತಂದಿಟ್ಟೆ. ನಾಲ್ಕು ಜನ ನೋಡಲಿ ಎಂಬ ಸೊಕ್ಕು.

ಅವ್ವ ಫಕ್ಕೀರವ್ವ ಈ ದಂಧೆಗೆ ಎಂದೂ ಒಪ್ಪಿದವಳಲ್ಲ. ಮೂರು ವರ್ಷ ಶೆಡ್ಡಿನ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಹೊಟ್ಟೆಯ ಕ್ಯಾನ್ಸರು ಅವಳನ್ನು ಹಾಸಿಗೆ ಹಿಡಿಸಿತು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು ಡಾಕ್ಟರು. ಒಂದು ಮುಂಜಾನೆ ಅವಳು ನನ್ನ ಕೈ ಹಿಡಿದಳು.

"ಜಯಶ್ರೀ, ನಿನ್ನ ವೈನ್ ಒಂದು ಚಮಚ ಕೊಡು. ಹೋಗೂದ್ರೊಳಗ ರುಚಿ ನೋಡ್ತೇನಿ. ಬರೇ ಹಣ್ಣಿಂದ ಹೌದಲ್ಲ? ಬ್ಯಾರೆ ಏನೂ ಹಾಕಿಲ್ಲಲ್ಲ?"

ಮೂರು ವರ್ಷ ಕಾದಿದ್ದ ಮಾತು. ಬಾಟಲಿ ಎದುರಿಗೇ ಇತ್ತು. ಅವಳ ಎದೆಯ ಮೇಲೆ ಲಿಂಗವೂ ಇತ್ತು. ಕೊಡಲು ಕೈ ಏಳಲಿಲ್ಲ, ನಿಜ ಹೇಳಲು ಬಾಯಿ ಬರಲಿಲ್ಲ.

"ಇದು ಬ್ಯಾಡವ್ವ. ಶೆಡ್ಡಿನ್ಯಾಗ ಇದಕ್ಕಿಂತ ಛಲೋದು ಐತಿ, ಈಗ ತರ್ತೇನಿ" ಎಂದು, ತಮ್ಮನನ್ನು ಅವಳ ಹತ್ತಿರ ಕೂರಿಸಿ ಸ್ಕೂಟಿ ಹತ್ತಿದೆ.

ಹೋಗಿ ಬರಲು ಎರಡು ತಾಸು ಹಿಡಿಯಿತು. ಕದಡಿದ ವೈನಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರೆ ಬಾಗಿಲ ತುಂಬ ಚಪ್ಪಲಿಗಳು. ಅವ್ವನನ್ನು ಆಗಲೇ ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು.

ತಮ್ಮ ಸಂಜಯ ಅಳುತ್ತ ಬಂದು ನನ್ನ ಭುಜ ಹಿಡಿದ.

"ಅಕ್ಕಾ, ಭಾಳ ಹಾದಿ ನೋಡಿದ್ಲು. ಕಡೀಕ ಕಪಾಟಿನ್ಯಾಗಿಂದು ನಾನ ಎರಡು ಚಮಚ ಹಾಕಿದೆ. ನೀರು ಸೈತ ಒಲ್ಲೆ ಅಂದಾಕಿ ಅದನ್ನ ಕುಡದ್ಲು. ಎಷ್ಟು ತಿಳಿ ಐತಿ, ನನ್ನ ಮಗಳು ಏನೂ ಬೆರಸಿಲ್ಲ ನೋಡು ಅಂದ್ಲು. ಆಮ್ಯಾಲೆ ಮಾತಾಡಲಿಲ್ಲ."

ನನಗೆ ನನ್ನ ಮೇಲೇ ಹೇಸಿಕೆಯಾಯಿತು. ಹೋಗುವ ಮೊದಲು ತಮ್ಮನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವ್ವನ ತುಟಿಯ ಅಂಚಿನಲ್ಲಿ ನೇರಳೆಯ ಬಣ್ಣ ಒಣಗಿತ್ತು. ಟವೆಲಿನ ತುದಿ ಒದ್ದೆ ಮಾಡಿ ಒರೆಸಿದೆ, ಹೋಗಲಿಲ್ಲ.

"ಖುಷಿಲೇ ಹೋದ್ಲಕ್ಕ. ಪುಣ್ಯಾ ಕಟಗೊಂಡಿ ನೀ" ಎಂದ ಸಂಜಯ.

ಹೂಂ ಅಂದೆ.