ಸ್ವಾತಂತ್ರ್ಯದ ಬಣ್ಣ

ನಮ್ಮ ದ್ವೀಪಕ್ಕೆ ಬಂದವರು ಏನೇನು ಮಾಡಬೇಕು ಎಂಬುದು ನನಗೆ ಬಾಯಿಪಾಠ. ಬೆಳಿಗ್ಗೆ ಜಾಯಿಕಾಯಿ ಒಣಗಿಸುವ ಗೋದಾಮು, ಆಮೇಲೆ ಜಲಪಾತದಲ್ಲಿ ಸ್ನಾನ, ದಾರಿಯಲ್ಲಿ ಒಂದು ಕೋಕೋ ತೋಟ, ಮಧ್ಯಾಹ್ನ ನಮ್ಮೂರು ಕಾಬ್ರಿ ಬೇಯ ದಂಡೆಯಲ್ಲಿ ಈಜು, ಊಟ. ಗ್ರೆನಡಾದ ಅಂಕುಡೊಂಕು ರಸ್ತೆಗಳಲ್ಲಿ ವ್ಯಾನು ಓಡಿಸುತ್ತಾ ಹತ್ತೊಂಬತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ. ನನ್ನ ಹೆಸರು ಥಿಯೊಡೋರಾ. ಊರವರು ಮಿಸ್ ಥಿಯೋ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೆ ಎಂಬುದೂ ನನಗೆ ಗೊತ್ತಿದೆ.

ಮಾಡಬಾರದ್ದು ಒಂದೇ ಒಂದು. ದಂಡೆಯಲ್ಲಿ ಕಾಂಡಕ್ಕೆ ಕೆಂಪು ಪಟ್ಟೆ ಬಳಿದ ಮರದ ಹತ್ತಿರ ಸುಳಿಯಬಾರದು. ಅದು ಮಾಂಚಿನೀಲ್. ಅದರ ಹಾಲು ತಗುಲಿದರೆ ಮೈ ಬೊಬ್ಬೆ ಏಳುತ್ತದೆ. ಹಣ್ಣು ನೋಡಲು ಸಣ್ಣ ಹಸಿರು ಸೇಬು, ವಾಸನೆ ಕೂಡ ಸಿಹಿ, ತಿಂದರೆ ಗಂಟಲು ಕಟ್ಟಿ ಪ್ರಾಣಕ್ಕೇ ಸಂಚಕಾರ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನಡೆಯಲು ಕಲಿಯುವಾಗಲೇ ಅದರ ಎಲೆ ಕಂಡು ದೂರ ಸರಿಯುವುದನ್ನೂ ಕಲಿಯುತ್ತವೆ. ಹಾಗಾಗಿ ಆ ಕೆಂಪು ಪಟ್ಟೆಯನ್ನು ನಮ್ಮೂರಲ್ಲಿ ಯಾರೂ ನೋಡುವುದೇ ಇಲ್ಲ. ಅದಿರುವುದು ಹೊರಗಿನವರಿಗಾಗಿ.

ಫೆಬ್ರವರಿ ಏಳು ನಮ್ಮ ಸ್ವಾತಂತ್ರ್ಯದ ದಿನ. ತಿಂಗಳ ಮೊದಲೇ ಇಡೀ ದ್ವೀಪಕ್ಕೆ ಬಣ್ಣದ ಹುಚ್ಚು ಹಿಡಿಯುತ್ತದೆ. ಕೆಂಪು, ಹಳದಿ, ಹಸಿರು. ರಸ್ತೆಯ ಅಂಚು, ಬಸ್ ತಂಗುದಾಣ, ಬಂಡೆ, ಹಳೇ ಟೈರು, ಮರದ ಕಾಂಡ, ಅಲುಗಾಡದೆ ನಿಂತ ಯಾವುದನ್ನೂ ಬಿಡುವುದಿಲ್ಲ. ಚೆಂದದ ಊರಿಗೆ ಬಹುಮಾನವೂ ಉಂಟು. ಹೋದ ವರ್ಷ ಪಕ್ಕದ ಊರಿನವರು ಟೈರಿನಿಂದ ಆಮೆ ಮಾಡಿ ನಿಲ್ಲಿಸಿ ಗೆದ್ದುಬಿಟ್ಟಿದ್ದರು. ಆ ಹೊಟ್ಟೆಯುರಿ ನನಗೆ ವರ್ಷವಿಡೀ ಆರಿರಲಿಲ್ಲ. ಈ ಸಲ ದಂಡೆಯ ಒಂದು ಮರವೂ ಬರಿಮೈಯಲ್ಲಿ ಇರಕೂಡದು ಎಂದು ಅಪ್ಪಣೆ ಹೊರಡಿಸಿದವಳು ನಾನೇ.

ಪಕ್ಕದ ಮನೆಯ ಆನ್ಸೆಲ್ ಮೀನುಗಾರ. ಚಿಕ್ಕಂದಿನಿಂದ ನನ್ನ ಜೊತೆ ಬಾಯಿಗೆ ಬಾಯಿ ಕೊಡುವವನು. ಬಣ್ಣದ ಡಬ್ಬಿ ಹಿಡಿದು ದಂಡೆಯ ಕೊನೆಯಲ್ಲಿ ನಿಂತು ಅಲ್ಲಿಂದಲೇ ಕೂಗಿದ.

"ಮಾಂಚಿನೀಲಿಗೂ ಬಳೀಬೇಕಾ, ಥಿಯೋ?"

"ಯಾಕೆ, ಅದು ನಮ್ಮ ದೇಶದ ಮರ ಅಲ್ವಾ? ಕೆಂಪು ಹೇಗೂ ಇದೆ. ಅದರ ಕೆಳಗೆ ಹಳದಿ, ಹಳದಿ ಕೆಳಗೆ ಹಸಿರು ಎಳೆದುಬಿಡು. ಅಷ್ಟು ಕೆಂಪು ಬಣ್ಣ ಉಳೀತು."

"ನಿನ್ನ ಜಿಪುಣತನಕ್ಕೆ ಒಂದು ಪದಕ ಕೊಡ್ಬೇಕು ಕಣೇ."

"ಕೊಡು, ಅದಕ್ಕೂ ಬಣ್ಣ ಬಳಿಸ್ತೀನಿ."

ಸುತ್ತ ಬಣ್ಣ ಬಳಿಯುತ್ತಿದ್ದ ಊರವರೆಲ್ಲ ನಕ್ಕರು. ಆನ್ಸೆಲ್ ತುಂಬುತೋಳಿನ ಅಂಗಿ ಹಾಕಿಕೊಂಡು, ಕಾಂಡಕ್ಕೆ ಮೈ ತಾಗದಂತೆ ಬ್ರಷ್ಷನ್ನು ಉದ್ದ ಕೋಲಿಗೆ ಕಟ್ಟಿ ಅಲ್ಲಿದ್ದ ಎರಡು ಮಾಂಚಿನೀಲ್ ಮರಗಳಿಗೂ ಬಳಿದ. ನಮ್ಮ ಮೈಯ ಬಗ್ಗೆ ನಮಗೆ ಅಷ್ಟು ಎಚ್ಚರವಿತ್ತು. ತೆಂಗು, ಕಡಲ ಬಾದಾಮಿ, ಮಾಂಚಿನೀಲ್ ಎಲ್ಲವೂ ಒಂದೇ ಸಮವಸ್ತ್ರ ತೊಟ್ಟ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತವು. ನಾನು ದೂರದಿಂದ ನೋಡಿ, ಈ ಸಲ ಬಹುಮಾನ ನಮ್ಮದೇ ಎಂದು ಬೀಗಿದೆ.

ಮೂರನೇ ದಿನ ಹಾಲೆಂಡಿನ ಅಪ್ಪ ಮಗಳು ನನ್ನ ವ್ಯಾನು ಹತ್ತಿದರು. ಅಪ್ಪ ವೌಟರ್, ಎಪ್ಪತ್ತೆರಡು ವಯಸ್ಸು, ನಲವತ್ತು ವರ್ಷ ಬೇಕರಿ ನಡೆಸಿದವರು. ಮಗಳು ಲಿಸ್ಬೆತ್, ನಲವತ್ತರ ಆಸುಪಾಸು, ಅಪ್ಪನ ಟೋಪಿ, ಮಾತ್ರೆ, ನೀರಿನ ಬಾಟಲಿ ಎಲ್ಲವನ್ನೂ ತಾನೇ ಹೊತ್ತುಕೊಂಡು ತಿರುಗುವವಳು. ಜಾಯಿಕಾಯಿ ಗೋದಾಮಿನಲ್ಲಿ ಮುದುಕ ಕಾಯಿಗಳನ್ನು ಮೂಸಿ ಮೂಸಿ ಜೇಬು ತುಂಬಿಕೊಂಡಿದ್ದರು. ಕಂಡ ಕಾಯಿ, ಕಂಡ ತೊಗಟೆ, ಎಲ್ಲದರ ರುಚಿ ನೋಡಬೇಕು ಅವರಿಗೆ. ನನಗೆ ಅಂಥವರೆಂದರೆ ಇಷ್ಟ.

ಬೆಟ್ಟ ಇಳಿಯುವಾಗ ಎಂದಿನಂತೆ ನನ್ನ ಪಾಠ ಒಪ್ಪಿಸಿದೆ. "ದಂಡೇಲಿ ಕೆಂಪು ಪಟ್ಟೆ ಇರೋ ಮರ ಕಂಡ್ರೆ ದೂರ ಇರಿ. ಅದರ ಹಣ್ಣು ಮುಟ್ಟಬೇಡಿ." ನಾಲಿಗೆ ತನ್ನಷ್ಟಕ್ಕೆ ಹೇಳಿತು. ನನ್ನ ತಲೆಯಲ್ಲಿ ಮಧ್ಯಾಹ್ನದ ಅಡುಗೆ ಇತ್ತು. ಆನ್ಸೆಲ್ ಬೆಳಿಗ್ಗೆಯೇ ಮೂರು ಕಲ್ಲಿನ ಮೇಲೆ ಹಂಡೆ ಏರಿಸಿ ದೀವಿಹಲಸು, ಉಪ್ಪುಮಾಂಸ, ತೆಂಗಿನ ಹಾಲು ಹಾಕಿ ಬೇಯಲು ಇಟ್ಟಿದ್ದ. ಅವನ ಕೈಯಲ್ಲಿ ಅಡಿ ಹಿಡಿಯದೆ ಇದ್ದ ಹಂಡೆಯನ್ನು ನಾನು ಇನ್ನೂ ನೋಡಿಲ್ಲ.

ದಂಡೆಗೆ ಬಂದವಳೇ ಹಂಡೆಯ ಮುಚ್ಚಳ ತೆಗೆದೆ, ಆಮೇಲೆ ಒಲೆ ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಮಗಳು ಈಜಿ ಬಂದು ನೆರಳು ಹುಡುಕುತ್ತಿದ್ದರು. ನನ್ನ ಬೆನ್ನ ಹಿಂದಿನಿಂದ ಲಿಸ್ಬೆತ್ ಕೂಗಿ ಕೇಳಿದಳು.

"ಮಿಸ್ ಥಿಯೋ, ಈ ಮರಕ್ಕೂ ಕೆಂಪು ಇದೆಯಲ್ಲ. ನೀವು ಹೇಳಿದ್ದು ಇದೇನಾ?"

ನಾನು ತಿರುಗಲಿಲ್ಲ. ತೆಂಗಿನ ಹಾಲು ಇಂಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ.

"ಅದು ಸ್ವಾತಂತ್ರ್ಯದ ಬಣ್ಣ ಕಣಮ್ಮಾ," ಅಂದೆ. "ಎಲ್ಲಾ ಮರಕ್ಕೂ ಹಚ್ಚಿದೀವಿ. ಆರಾಮಾಗಿ ಕೂತ್ಕೊಳ್ಳಿ."

ಹತ್ತು ನಿಮಿಷ ಕಳೆದಿರಬೇಕು. ವೌಟರ್ ಮರಳಿನ ಮೇಲೆ ಬರಿಗಾಲಲ್ಲಿ ನಗುತ್ತಾ ನನ್ನ ಹತ್ತಿರ ಬಂದರು. ಕೈಯಲ್ಲಿ ಅರ್ಧ ತಿಂದ ಹಣ್ಣು.

"ಇದಕ್ಕೆ ಇಲ್ಲಿ ಏನಂತಾರೆ? ಭಾರಿ ಸಿಹಿಯಾಗಿದೆ. ಈಗ ಸ್ವಲ್ಪ ಖಾರ ಹತ್ತುತಾ ಇದೆ."

ನನ್ನ ಕೈಯಲ್ಲಿದ್ದ ಮುಚ್ಚಳ ಬೆಂಕಿಗೆ ಬಿತ್ತು. ಹುಟ್ಟಿದಂದಿನಿಂದ ಆ ಹಣ್ಣನ್ನು ಮನುಷ್ಯರ ಕೈಯಲ್ಲಿ ನಾನು ನೋಡಿಯೇ ಇರಲಿಲ್ಲ. ಅವರು ಅದನ್ನು ಇನ್ನೊಮ್ಮೆ ಬಾಯಿಗೆ ಒಯ್ಯುವಷ್ಟರಲ್ಲಿ ಕೈಗೆ ಹೊಡೆದು ಬೀಳಿಸಿದೆ. ಮುದುಕ ಬೆಪ್ಪಾಗಿ ನಿಂತರು.

"ಉಗೀರಿ. ನುಂಗಬೇಡಿ, ಉಗೀರಿ."

ದಂಡೆಯಲ್ಲಿ ತನ್ನ ದೋಣಿಯ ಹತ್ತಿರ ಇದ್ದ ಆನ್ಸೆಲ್ ಓಡಿಬಂದ. ನೆಲದ ಮೇಲಿನ ಹಣ್ಣು ನೋಡಿದ, ನನ್ನ ಮುಖ ನೋಡಿದ. ಬಾಯಿ ಮುಕ್ಕಳಿಸಲು ಇದ್ದ ನೀರೆಲ್ಲ ಸುರಿದೆವು. ಅಷ್ಟರಲ್ಲೇ ಮುದುಕನ ತುಟಿ ಉಬ್ಬಿ, ಕಣ್ಣಲ್ಲಿ ನೀರು ಇಳಿಯತೊಡಗಿತ್ತು. ಕುತ್ತಿಗೆ ಹಿಡಿದುಕೊಂಡು ಮಗಳಿಗೆ ಅವರ ಭಾಷೆಯಲ್ಲಿ ಏನೋ ಹೇಳಿದರು.

"ಗಂಟಲಲ್ಲಿ ಏನೋ ಮುಚ್ಚಿಕೊಳ್ತಾ ಇದೆಯಂತೆ," ಅಂದಳು ಲಿಸ್ಬೆತ್. "ಏನಾಗ್ತಿದೆ ಇವರಿಗೆ? ಆ ಹಣ್ಣು ಏನದು?"

ದೊಡ್ಡಾಸ್ಪತ್ರೆಗೆ ಐವತ್ತು ನಿಮಿಷದ ದಾರಿ. ಮೂವತ್ತೆರಡರಲ್ಲಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಆನ್ಸೆಲ್ ಮುದುಕನನ್ನು ನೆಟ್ಟಗೆ ಕೂರಿಸಿ ಹಿಡಿದುಕೊಂಡಿದ್ದ. ಮೊದಲ ತಿರುವುಗಳಲ್ಲಿ ಮುದುಕ ಮಾತಾಡುತ್ತಿದ್ದರು. ಆಮೇಲೆ ಪಿಸುಗುಟ್ಟಿದರು. ಆಮೇಲೆ ಉಸಿರೆಳೆಯುವ ಸಿಳ್ಳೆಯಂಥ ಸದ್ದು ಮಾತ್ರ ಬಂತು. ದಾರಿಯ ಎರಡೂ ಬದಿಗೆ ಕೆಂಪು, ಹಳದಿ, ಹಸಿರು. ಪ್ರತಿ ಬಂಡೆ, ಪ್ರತಿ ಮರ, ಪ್ರತಿ ಸೇತುವೆ.

ಆಸ್ಪತ್ರೆಯವರು ಅವರನ್ನು ಸ್ಟ್ರೆಚರಿನ ಮೇಲೆ ಒಳಗೆ ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಲಿಸ್ಬೆತ್ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತೆವು. ಆನ್ಸೆಲ್ ಗೋಡೆಗೆ ಒರಗಿ ನಿಂತು, ಅಂಗಿಯ ತೋಳಿಗೆ ಹತ್ತಿದ್ದ ಒಣಗಿದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಮೂಲೆಗೆ ಕರೆದ.

"ಥಿಯೋ, ಆ ಹುಡುಗಿ ನಿನ್ನ ಕೇಳಿದ್ದು ನಂಗೆ ದೋಣಿ ಹತ್ರ ಕೇಳಿಸ್ತು."

"ಹೂಂ."

"ನೀನು ಹೇಳಿದ್ದೂ ಕೇಳಿಸ್ತು. ಯಾವ ಮರ ಅಂತ ನಾನೂ ತಿರುಗಿ ನೋಡ್ಲಿಲ್ಲ. ನಾನು ಬಾಯಿ ಬಿಡಲ್ಲ. ಲೈಸೆನ್ಸ್ ಹೋದ್ರೆ ಈ ವಯಸ್ಸಲ್ಲಿ ಏನು ಮಾಡ್ತೀಯಾ?"

ಅವನು ಕರುಣೆಯಿಂದಲೇ ಹೇಳಿದ. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಹೌದು ಅಂದುಬಿಡುವ ಆಸೆಯೂ ಆಯಿತು. ಎರಡನ್ನೂ ಮಾಡದೆ ಹೋಗಿ ಬೆಂಚಿನ ಮೇಲೆ ಕೂತೆ.

ಐದು ಗಂಟೆಯ ಸುಮಾರಿಗೆ ಡಾಕ್ಟರು ಹೊರಬಂದರು. ಗಂಟಲಿಗೆ ಕೊಳವೆ ಹಾಕಿದ್ದೇವೆ, ಊತ ನಿಂತಿದೆ, ಉಸಿರು ಸರಿಯಾಗಿದೆ, ಜೀವಕ್ಕೆ ಭಯವಿಲ್ಲ ಅಂದರು. ಇನ್ನು ಕಾಲು ಗಂಟೆ ತಡವಾಗಿದ್ದರೆ ಹೇಳಲು ಆಗುತ್ತಿರಲಿಲ್ಲ ಅಂತಲೂ ಅಂದರು. ಲಿಸ್ಬೆತ್ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ನೀವು ಹಾಗೆ ಓಡಿಸದೆ ಇದ್ದಿದ್ರೆ ನನ್ನ ಅಪ್ಪ ಉಳೀತಿರಲಿಲ್ಲ," ಅಂದಳು. "ಹಣ್ಣು ಆರಿಸಿ ಕೊಟ್ಟವಳು ನಾನೇ, ಮಿಸ್ ಥಿಯೋ. ಚೆನ್ನಾಗಿರೋದು ನೋಡಿ, ನೀರಲ್ಲಿ ತೊಳೆದು ಕೊಟ್ಟೆ. ನೀವು ವ್ಯಾನಲ್ಲಿ ಸ್ಪಷ್ಟವಾಗಿ ಹೇಳಿದ್ರಿ, ಕೆಂಪು ಪಟ್ಟೆ ಅಂತ. ನನಗೆ ನೆನಪಿದೆ. ಆದ್ರೂ ಕೊಟ್ಟೆ. ಯಾಕೆ ಕೊಟ್ಟೆ ಅಂತ ಎಷ್ಟು ಯೋಚನೆ ಮಾಡಿದ್ರೂ ಹೊಳೀತಾ ಇಲ್ಲ. ಊರಲ್ಲಿರೋ ನನ್ನ ಅಣ್ಣನಿಗೆ ಏನಂತ ಹೇಳಲಿ? ನನ್ನ ಕೈಯಾರೆ ಕೊಟ್ಟೆ ಅಂತ ಹೇಳಬೇಕಲ್ಲ."

ನಾನು ಅವಳ ಮುಖ ನೋಡಿದೆ. ನನ್ನನ್ನು ಕೇಳಿದ್ದು ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಅಪ್ಪನ ಉಸಿರು ಸಿಳ್ಳೆ ಹಾಕುವುದನ್ನು ಕೇಳುತ್ತಾ ಕೂತ ಆ ಮೂವತ್ತೆರಡು ನಿಮಿಷಗಳಲ್ಲಿ, ಆ ಮಾತೊಂದು ಅವಳ ತಲೆಯಿಂದ ಅಳಿಸಿಹೋಗಿತ್ತು. ಆನ್ಸೆಲ್ ಗೋಡೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳು ನನಗೆ ಕೈಮುಗಿದು ವಿಮಾನ ಹತ್ತುತ್ತಿದ್ದಳು. ಇನ್ನು ಮೂವತ್ತು ನಲವತ್ತು ವರ್ಷ, ಅಪ್ಪನಿಗೆ ವಿಷ ತಿನ್ನಿಸಿದವಳು ನಾನು ಅಂದುಕೊಂಡೇ ಬದುಕುತ್ತಿದ್ದಳು.

"ನೀನು ಕೇಳಿದ್ದೆ," ಅಂದೆ.

"ಏನು?"

"ಕೊಡೋಕೆ ಮುಂಚೆ ನನ್ನ ಕೇಳಿದ್ದೆ. ಈ ಮರಕ್ಕೂ ಕೆಂಪು ಇದೆ, ಇದೇನಾ ಅಂತ. ನಾನು ಒಲೆ ಮುಂದೆ ಇದ್ದೆ. ತಿರುಗಿ ನೋಡ್ಲಿಲ್ಲ. ಸ್ವಾತಂತ್ರ್ಯದ ಬಣ್ಣ, ಆರಾಮಾಗಿ ಕೂತ್ಕೊಳ್ಳಿ ಅಂದೆ. ಆ ಮರಕ್ಕೆ ಹಳದಿ ಹಸಿರು ಬಳಿಸಿದವಳೂ ನಾನೇ. ಇವನು ಬೇಡ್ವೇನೋ ಅನ್ನೋ ಹಾಗೆ ಕೇಳಿದ್ದ. ನಾನು ತಮಾಷೆ ಮಾಡಿದೆ."

ಅವಳು ಮಧ್ಯಾಹ್ನವನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದು ಹುಡುಕುತ್ತಿದ್ದಾಳೆಂದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಮರ, ಬಣ್ಣ, ಬೆನ್ನು ತಿರುಗಿಸಿ ಬಗ್ಗಿದ ನಾನು. ಸಿಕ್ಕಿದ ಕ್ಷಣವೂ ನನಗೆ ಗೊತ್ತಾಯಿತು, ಏಕೆಂದರೆ ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದವಳು ಆಗ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನಾನು ಕೇಳಿದ್ದೆ," ಅಂದಳು. "ನಾನು ಕೇಳಿದ್ದೆ."

"ಹೂಂ, ಕೇಳಿದ್ದೆ ಮಗಳೇ."

ಅವಳು ತನ್ನ ಕೈಗಳನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಎದ್ದು, ಬೆಂಚಿನ ಆ ತುದಿಗೆ ಹೋಗಿ ಕೂತಳು.